ಹೆಸರನ್ನು ಹೊತ್ತು ನಡೆದವರು

ಮೈಸೂರಿನಿಂದ ಮಡಿಕೇರಿಗೆ ಹೊರಟ ಹೆದ್ದಾರಿಯು ಹುಣಸೂರಿನಲ್ಲಿ ಲಕ್ಷ್ಮಣತೀರ್ಥವನ್ನು ದಾಟಿ, ಹೊಗೆಸೊಪ್ಪಿನ ಹೊಲಗಳನ್ನೂ ಅವುಗಳ ಅಂಚಿನಲ್ಲಿ ಎತ್ತರವಾಗಿ ನಿಂತ ಇಟ್ಟಿಗೆಯ ಬ್ಯಾರನ್ನುಗಳನ್ನೂ ಎಡಬಲಗಳಲ್ಲಿ ಬಿಡುತ್ತ ಪಿರಿಯಾಪಟ್ಟಣವನ್ನು ಹಾದು ಪಶ್ಚಿಮಾಭಿಮುಖವಾಗಿ ಸಾಗುವಾಗ, ಬಲಕ್ಕೆ ಬಹುದೂರದಲ್ಲಿ ಸಿಡಿಲು ಮಲ್ಲಿಕಾರ್ಜುನನ ಬೆಟ್ಟದಪುರವು ನೀಲಿಯಾಗಿ ಕಂಡು ಮರೆಯಾಗುವ ಹೊತ್ತಿಗೆ, ಬಸ್ಸಿನಲ್ಲಿ ಕುಳಿತವರ ನಡುವೆ ಒಂದು ಹೊಸ ವರ್ಣ ಗೋಚರಿಸತೊಡಗುತ್ತದೆ. ಹುಣಸೂರಿನ ಸಂತೆಯಿಂದ ಹಿಂದಿರುಗುವ ರೈತನ ಪಕ್ಕದಲ್ಲಿಯೇ ಕೆಂಪು ಚೀವರವನ್ನುಟ್ಟ ತರುಣ ಭಿಕ್ಷುವೊಬ್ಬನು ಅಕ್ಕಿಯ ಚೀಲವನ್ನು ಕಾಲ ಬಳಿ ಇರಿಸಿಕೊಂಡು ಕುಳಿತಿರುತ್ತಾನೆ; ಕಂಡಕ್ಟರು 'ಕ್ಯಾಂಪು, ಕ್ಯಾಂಪು' ಎಂದು ಕೂಗಿದೊಡನೆ ಇಬ್ಬರೂ ಏಳುತ್ತಾರೆ. ನಕ್ಷೆಯಲ್ಲಿ ಬೈಲಕುಪ್ಪೆಯೆಂಬ ಹೆಸರಿದ್ದರೂ ಈ ಸೀಮೆಯ ಜನರ ಬಾಯಲ್ಲಿ ಅದು ಕ್ಯಾಂಪೇ. ತಾತ್ಕಾಲಿಕವಾದ ಬಿಡಾರವನ್ನು ಸೂಚಿಸುವ ಆ ಮಾತು ಅರುವತ್ತು ವರ್ಷಗಳನ್ನು ಮೀರಿ ಉಳಿದುಬಂದಿದೆ. ಅದರೊಳಗಿರುವ ವ್ಯಥೆಯನ್ನು ಕಂಡಕ್ಟರಾಗಲಿ ಭಿಕ್ಷುವಾಗಲಿ ಪ್ರತಿದಿನವೂ ನೆನೆಯಬೇಕೆಂದೇನೂ ಇಲ್ಲ. ಆದರೆ ಅಲ್ಲಿಗೆ ಯಾತ್ರಿಕರಾಗಿ ಹೋಗುವ ನಾವು ಒಮ್ಮೆಯಾದರೂ ನೆನೆಯತಕ್ಕದ್ದು.

ಭಾನುವಾರಗಳಂದು ನಾಮ್‌ದ್ರೋಲಿಂಗ್ ವಿಹಾರದ ಮುಂದೆ ನಿಲ್ಲುವ ವಾಹನಗಳಿಗೆ ಲೆಕ್ಕವಿಲ್ಲ. ಕೊಡಗಿಗೆ ಹೋಗುವವರು ಹೋಗುವಾಗಲೋ, ಅಲ್ಲಿಂದ ಮರಳುವವರು ಮರಳುವಾಗಲೋ, ದುಬಾರೆಯ ಆನೆಗಳಿಗೂ ಕಾವೇರಿ ನಿಸರ್ಗಧಾಮಕ್ಕೂ ನಡುವೆ ದೊರೆತ ಅರ್ಧ ಗಂಟೆಯನ್ನು ಈ 'ಗೋಲ್ಡನ್ ಟೆಂಪಲ್'ಗೆ ಮೀಸಲಿಡುತ್ತಾರೆ. 1999ರಲ್ಲಿ ಪ್ರತಿಷ್ಠಾಪಿತವಾದ ಆ ಮಹಾಮಂದಿರದೊಳಗೆ ಶಾಕ್ಯಮುನಿ ಬುದ್ಧ, ಪದ್ಮಸಂಭವ, ಅಮಿತಾಯು ಎಂಬ ಮೂರು ಮೂರ್ತಿಗಳು, ನಡುವಣ ಬುದ್ಧನಂತೂ ಸುಮಾರು 60 ಅಡಿಗಳ ಔನ್ನತ್ಯದಿಂದ, ಸ್ವರ್ಣಲೇಪಿತವಾಗಿ ವಿರಾಜಿಸುವುದನ್ನು ಕಂಡು ಜನರು ಕ್ಷಣಕಾಲ ಮೂಕರಾಗುತ್ತಾರೆ. ಅನಂತರ ಮೂರ್ತಿಗೆ ಬೆನ್ನು ಮಾಡಿ ನಿಂತು ಚಿತ್ರ ತೆಗೆಯಿಸಿಕೊಂಡು, ಹೊರಗಿನ ಅಂಗಡಿಗಳಲ್ಲಿ ಒಂದು ಬಟ್ಟೆಯ ಬಾವುಟವನ್ನೋ ಬಿಸಿ ಮೊಮೊವನ್ನೋ ಕೊಂಡು ಹೊರಟುಬಿಡುತ್ತಾರೆ. ಇದನ್ನು ನಾನು ದೂಷಣೆಯಾಗಿ ಹೇಳುತ್ತಿಲ್ಲ. ಆ ಕ್ಷಣದ ಮೌನವೂ ಒಂದು ಲಾಭವೇ. ಆದರೆ ಕಣ್ಣಿಗೆ ಬಿದ್ದ ಚಿನ್ನವು ಚಿತ್ತಕ್ಕೆ ಇಳಿಯುವ ಮೊದಲೇ ವಾಹನದ ಬಾಗಿಲು ಮುಚ್ಚಿಕೊಳ್ಳುತ್ತದಲ್ಲ ಎಂಬ ಖೇದವು ನನ್ನನ್ನು ಬಹುಕಾಲದಿಂದ ಬಾಧಿಸುತ್ತಿದೆ.

ನಮ್ಮ ಜನರಿಗೆ ಯಾತ್ರೆಯ ಅಭ್ಯಾಸವಿಲ್ಲವೆಂದರೆ ಅದು ಸುಳ್ಳು. ಇದೇ ಕಾವೇರಿಯು ಕೆಳಗೆ ಹರಿದು ಕೃಷ್ಣರಾಜನಗರದ ಸೀಮೆಯನ್ನು ಪ್ರವೇಶಿಸಿ ಚುಂಚನಕಟ್ಟೆಯಲ್ಲಿ ಬಂಡೆಗಳಿಂದ ಧುಮುಕುವ ಸ್ಥಳದಲ್ಲಿ, ಕೋದಂಡರಾಮನ ಸನ್ನಿಧಿಯಲ್ಲಿ, ಸಂಕ್ರಾಂತಿಯ ಆಸುಪಾಸಿನ ದನಗಳ ಜಾತ್ರೆಗೆ ಬರತಕ್ಕವರು ಎತ್ತಿನ ಕೊರಳಿನ ಹಗ್ಗವನ್ನು ಗೂಟಕ್ಕೆ ಕಟ್ಟಿ ದಿನಗಟ್ಟಲೆ ಬಯಲಿನಲ್ಲಿಯೇ ಬಾಳುತ್ತಾರೆ. ಅದೇ ಸೀಮೆಯ ಕಪ್ಪಡಿಯಲ್ಲಿ, ರಾಚಪ್ಪಾಜಿಯವರ ಗದ್ದುಗೆಗೆ ನಡೆದುಕೊಳ್ಳುವ ಮಂಟೇಸ್ವಾಮಿಯ ಒಕ್ಕಲು ಶಿವರಾತ್ರಿಯಿಂದ ಮೊದಲ್ಗೊಂಡು ಹೊಳೆಯ ದಡದಲ್ಲಿ ಮೂರು ಕಲ್ಲುಗಳ ಒಲೆ ಹೂಡಿ, ಅಟ್ಟು ಉಂಡು, ನೀಲಗಾರರ ಬಾಯಿಂದ ಇರುಳೆಲ್ಲ ಕಥೆಯನ್ನು ಕೇಳಿ, ಬೆಳಗಿನ ಜಾವದಲ್ಲಿ ಕಣ್ಣುಜ್ಜಿಕೊಂಡು ಏಳುತ್ತದೆ. ಅಲ್ಲಿ ಕ್ಷೇತ್ರಕ್ಕೂ ಬಂದವನಿಗೂ ನಡುವೆ ಒಂದು ಋಣವಿದೆ. ಹರಕೆಯಿದೆ, ಕಥೆಯಿದೆ, ಅಜ್ಜನ ಕಾಲದಿಂದ ಇಂತಹದೇ ಮರದ ಬುಡದಲ್ಲಿ ಬಿಡಾರ ಹೂಡುವುದೆಂಬ ಹಕ್ಕಿದೆ. ಬೈಲಕುಪ್ಪೆಗೂ ನಮಗೂ ಅಂತಹ ಋಣಸಂಬಂಧ ಯಾವುದೂ ಇಲ್ಲವೆಂದು ನಾವು ಭಾವಿಸಿರುವುದರಿಂದಲೇ ಅದು ಬರಿಯ ನೋಟವಾಗಿ ಉಳಿದಿದೆ. ಈ ಭಾವನೆಯು ತಪ್ಪು. ಆ ಋಣವು ಉಂಟು, ಮತ್ತು ಅದು ಬಹಳ ಹಳೆಯದು.

1959ರಲ್ಲಿ ದಲಾಯಿ ಲಾಮಾ ಅವರು ಟಿಬೆಟಿನಿಂದ ಹಿಮಾಲಯವನ್ನು ದಾಟಿ ಭಾರತಕ್ಕೆ ಬಂದ ತರುವಾಯ, ಅವರ ಹಿಂದೆ ಬಂದ ಸಹಸ್ರಾರು ನಿರಾಶ್ರಿತರಿಗೆ ನೆಲೆಯನ್ನು ಕೊಡುವಿರಾ ಎಂದು ಕೇಂದ್ರವು ರಾಜ್ಯಗಳನ್ನು ಕೇಳಿದಾಗ, ಅಂದಿನ ಮೈಸೂರು ರಾಜ್ಯವು ಔದಾರ್ಯದಿಂದ ಮುಂದೆ ಬಂದು ಪಿರಿಯಾಪಟ್ಟಣ ತಾಲ್ಲೂಕಿನ ಈ ಕಾಡಿನಂಚಿನಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಬಿಟ್ಟುಕೊಟ್ಟಿತು, ಎಸ್. ನಿಜಲಿಂಗಪ್ಪನವರ ಹೆಸರನ್ನು ಆ ಜನರು ಇಂದಿಗೂ ಕೃತಜ್ಞತೆಯಿಂದ ಉಚ್ಚರಿಸುತ್ತಾರೆ. 1961ರಲ್ಲಿ ಲುಗ್ಸುಂಗ್ ಸಾಮ್ದುಪ್ಲಿಂಗ್ ಎಂಬ ಮೊದಲ ವಸತಿಯು ರೂಪುಗೊಂಡಿತು. ಹಿಮದ ನಾಡಿನಲ್ಲಿ ಬಾರ್ಲಿಯನ್ನು ಬೆಳೆದು ಚಮರೀಮೃಗಗಳನ್ನು ಮೇಯಿಸಿದ ಜನ, ನಮ್ಮ ಬೇಸಗೆಯ ಧಗೆಯಲ್ಲಿ ಬಿದಿರು ಮೆಳೆಗಳನ್ನು ಕಡಿದು ಸುಟ್ಟು, ರಾತ್ರಿ ಆನೆಗಳನ್ನು ಓಡಿಸುತ್ತ, ಮುಸುಕಿನ ಜೋಳವನ್ನು ಬಿತ್ತಲು ಕಲಿತರು. ಪೆನೋರ್ ರಿಂಪೋಚೆಯವರು 1963ರಲ್ಲಿ ಸ್ಥಾಪಿಸಿದ ನಾಮ್‌ದ್ರೋಲಿಂಗಿನ ಮೊದಲ ಗುಡಿಯು ಬಿದಿರಿನದು. ಒಂದು ಸಣ್ಣ ಕೋಣೆಯಷ್ಟು ಮಾತ್ರ ವಿಸ್ತಾರದ್ದು. ಇಂದಿನ ಸ್ವರ್ಣಮೂರ್ತಿಗಳ ಎದುರಿನಲ್ಲಿ ನಿಂತಾಗ ನನ್ನ ಮನಸ್ಸು ಸದಾ ಆ ಬಿದಿರಿನ ಗುಡಿಯ ಕಡೆಗೇ ಓಡುತ್ತದೆ.

ಬಂದವರು ಗಂಟುಮೂಟೆಗಳೊಂದಿಗೆ ತಮ್ಮ ಸ್ಥಳಗಳ ಹೆಸರುಗಳನ್ನೂ ಹೊತ್ತು ತಂದರು. ಲಾಸಾ ನಗರದ ಹೊರವಲಯದಲ್ಲಿ 1419ರಲ್ಲಿ ಸ್ಥಾಪಿತವಾದ ಸೇರಾ ಮಹಾವಿಹಾರದ ಅಳಿದುಳಿದ ಭಿಕ್ಷುಗಳು, ಸ್ವಾತಂತ್ರ್ಯ ಹೋರಾಟಗಾರರನ್ನು ಬ್ರಿಟಿಷರು ಬಂಧಿಸಿಟ್ಟಿದ್ದ ಬಂಗಾಳದ ಬಕ್ಸಾ ಎಂಬ ಸ್ಥಳದಲ್ಲಿ ಕ್ಷಯಾದಿ ರೋಗಗಳೊಡನೆ ಸೆಣಸುತ್ತ ಗ್ರಂಥಾಭ್ಯಾಸವನ್ನು ಬಿಡದೆ ಹತ್ತು ವರ್ಷ ಕಳೆದು, 1970ರ ಹೊತ್ತಿಗೆ ಮುನ್ನೂರು ಮಂದಿಯಷ್ಟು ಇಲ್ಲಿಗೆ ಬಂದು, ಗುಡಾರಗಳನ್ನು ಹೂಡಿ, ಆ ಗುಡಾರಗಳ ಸಮೂಹಕ್ಕೆ ಸೇರಾ ಎಂದೇ ಹೆಸರಿಟ್ಟರು. 1447ರಲ್ಲಿ ಶಿಗಾತ್ಸೆಯಲ್ಲಿ ಹುಟ್ಟಿ ಪಂಚೆನ್ ಲಾಮಾಗಳ ಪೀಠವೆನಿಸಿದ ತಾಶಿ ಲುಂಪೊ 1972ರಲ್ಲಿ ಬೈಲಕುಪ್ಪೆಯಲ್ಲಿ ಎರಡನೆಯ ಜನ್ಮವನ್ನು ತಳೆಯಿತು. ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್‌ಗ್ಯೆಲಿಂಗ್ ವಸತಿಯೂ, ಅಲ್ಲಿ 1433ರ ಪರಂಪರೆಯ ಗ್ಯೂಮೆ ತಾಂತ್ರಿಕ ಮಹಾವಿದ್ಯಾಲಯವೂ ನೆಲೆಗೊಂಡವು. ಸೇರಾ ಬೀದಿಯಲ್ಲಿ ಜಪಚಕ್ರವನ್ನು ತಿರುಗಿಸುತ್ತ ಕುಳಿತಿದ್ದ ವೃದ್ಧರೊಬ್ಬರನ್ನು ಮಾತಿಗೆಳೆದಾಗ, ಅವರು ಅಚ್ಚ ಪಿರಿಯಾಪಟ್ಟಣದ ಧಾಟಿಯ ಕನ್ನಡದಲ್ಲಿ ಹೇಳಿದರು: "ಇಲ್ಲಿಗೆ ಬಂದಾಗ ನಾನು ಅವ್ವನ ಕಂಕುಳಲ್ಲಿದ್ದೆ ಸಾರ್. ಲಾಸಾದ ಸೇರಾ ನಾನು ಕಂಡೇ ಇಲ್ಲ. ಸೇರಾ ಅಂದ್ರೆ ನನ್ಗೆ ಇದೇನೇ."

ಆ ಮಾತನ್ನು ಕೇಳಿದಂದು ನನಗೆ ಹೆಗ್ಗಡದೇವನಕೋಟೆಯ ನೆನಪಾಯಿತು, ಹಾಗಾದುದು ಆಕಸ್ಮಿಕವಲ್ಲ. ಆ ತಾಲ್ಲೂಕಿನಲ್ಲಿ ಕಪಿಲೆಯ ದಡದ ಮೇಲಿದ್ದ ಕಿತ್ತೂರು, ಶಾಸನಗಳ ಕೀರ್ತಿಪುರ, ಒಂದಾನೊಂದು ಕಾಲದಲ್ಲಿ ಪುನ್ನಾಟ ರಾಜ್ಯದ ರಾಜಧಾನಿಯಾಗಿತ್ತು. ಕ್ರಿಸ್ತಶಕ ಎರಡನೆಯ ಶತಮಾನದ ಗ್ರೀಕ್ ಭೂಗೋಳಜ್ಞ ಟಾಲೆಮಿಯು ವೈಡೂರ್ಯ ದೊರೆಯುವ ಸ್ಥಳವೆಂದು ಬರೆದಿಟ್ಟ ಪೌನ್ನಾಟವು ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಇಂದು ಆ ರಾಜಧಾನಿಯ ನೆಲದ ಮೇಲೆ ಕಬಿನಿ ಜಲಾಶಯದ ನೀರು ನಿಂತಿದೆ. ಆದರೆ ಪುನ್ನಾಟದ ಹೆಸರು ಮುಳುಗಲಿಲ್ಲ. ಭದ್ರಬಾಹುವಿನ ಕಾಲದಲ್ಲಿ ಉತ್ತರದ ಕ್ಷಾಮಕ್ಕಂಜಿ ದಕ್ಷಿಣಕ್ಕೆ ಬಂದ ಜೈನಸಂಘವು ತಲಪಿದ ನಾಡು ಪುನ್ನಾಟವೆಂದು ಹರಿಷೇಣನ ಬೃಹತ್ಕಥಾಕೋಶವು ಹೇಳುತ್ತದೆ. ಆ ನಾಡಿನ ಹೆಸರನ್ನೇ ಧರಿಸಿದ ಪುನ್ನಾಟ ಸಂಘದ ಮುನಿಗಳು ಮುಂದೆ ಯಾವುದೋ ಕಾಲದಲ್ಲಿ ಇಲ್ಲಿಂದ ಹೊರಟು ಕಾಠಿಯಾವಾಡದವರೆಗೆ ನಡೆದುಹೋದರು, ಮತ್ತು ಅಲ್ಲಿನ ವರ್ಧಮಾನಪುರದಲ್ಲಿ ಕುಳಿತು 783ರಲ್ಲಿ ಹರಿವಂಶಪುರಾಣವನ್ನು ಪೂರ್ತಿಗೊಳಿಸಿದ ಜಿನಸೇನನು ತನ್ನನ್ನು ಪುನ್ನಾಟ ಸಂಘದವನೆಂದೇ ಪರಿಚಯಿಸಿಕೊಂಡನು. ಕಪಿಲೆಯನ್ನು ಅವನು ಕಣ್ಣಾರೆ ಕಂಡಿದ್ದನೋ ಇಲ್ಲವೋ. ಅದರ ದಡದ ಹೆಸರು ಮಾತ್ರ ಅವನ ಜೊತೆಗಿತ್ತು. ಸೇರಾದ ವೃದ್ಧರಿಗೂ ಆ ಜಿನಸೇನನಿಗೂ ನಡುವೆ ಸಾವಿರದ ಇನ್ನೂರಕ್ಕೂ ಮಿಕ್ಕ ವರ್ಷಗಳ ಅಂತರವಿದ್ದರೂ ಅವರಿಬ್ಬರ ಮಾತಿನ ಧಾಟಿ ಒಂದೇ. ಸನ್ಯಾಸಿಗಳ ಸಂಘವು ಊರನ್ನು ಬಿಡಬಲ್ಲುದು. ಊರಿನ ಹೆಸರನ್ನು ಬಿಡದು.

ಇನ್ನು ಬೌದ್ಧಧರ್ಮದ ಮಾತು. ಮೂರನೆಯ ಸಂಗೀತಿಯು ಪಾಟಲಿಪುತ್ರದಲ್ಲಿ ಮುಗಿದ ಬಳಿಕ ಮೊಗ್ಗಲಿಪುತ್ತ ತಿಸ್ಸನು ದಿಕ್ಕುದಿಕ್ಕಿಗೆ ಸ್ಥವಿರರನ್ನು ಕಳುಹಿದನೆಂದೂ, ಮಹಾದೇವ ಸ್ಥವಿರನು ಮಹಿಷಮಂಡಲಕ್ಕೆ, ರಕ್ಖಿತನು ವನವಾಸಕ್ಕೆ, ಮಜ್ಝಿಮನು ಹಿಮವಂತಕ್ಕೆ ಹೋದರೆಂದೂ ಸಿಂಹಳದ ಮಹಾವಂಶವು ತಿಳಿಸುತ್ತದೆ. ವನವಾಸವು ನಮ್ಮ ಬನವಾಸಿ. ಮಹಿಷಮಂಡಲವು ಮೈಸೂರು ಸೀಮೆಯೆಂದು ಅನೇಕರೂ, ಅಲ್ಲ, ನರ್ಮದಾತೀರದ ಮಾಹಿಷ್ಮತಿಯೆಂದು ಮತ್ತೆ ಕೆಲವರೂ ವಾದಿಸಿದ್ದಾರೆ. ಆ ವಿವಾದವನ್ನು ಪಂಡಿತರಿಗೆ ಬಿಡೋಣ. ವಿವಾದಕ್ಕೆ ಎಡೆಯಿಲ್ಲದ ಸಾಕ್ಷ್ಯವು ಬಂಡೆಯ ಮೇಲಿದೆ. 1892ರಲ್ಲಿ ಬಿ.ಎಲ್. ರೈಸ್ ಅವರು ಚಿತ್ರದುರ್ಗ ಸೀಮೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಶೋಧಿಸಿದ ಅಶೋಕನ ಶಾಸನದಲ್ಲಿ, ಸುವರ್ಣಗಿರಿಯ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಅಧಿಕಾರಿಗಳ ಆರೋಗ್ಯವನ್ನು ವಿಚಾರಿಸಿ ಧರ್ಮದ ಮಾತನ್ನು ತಿಳಿಸುತ್ತಾರೆ; ಕೊನೆಯಲ್ಲಿ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಬರೆದು, ಲಿಪಿಕಾರನಿಂದ ಎಂಬ ಆ ಒಂದು ಪದವನ್ನು ಮಾತ್ರ ಬ್ರಾಹ್ಮಿಯಲ್ಲಿ ಬರೆಯದೆ ವಾಯವ್ಯ ಗಾಂಧಾರದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಕನ್ನಡನಾಡಿನ ಬಿಸಿಲಿನಲ್ಲಿ, ಉಳಿಯನ್ನು ಹಿಡಿದು, ಯಾರೂ ಓದಲಾರದ ತನ್ನ ದೂರದೇಶದ ಅಕ್ಷರಗಳಲ್ಲಿ ಒಂದು ಮಾತನ್ನು ಕೊರೆದ ಆ ಮನುಷ್ಯನನ್ನು ನಾನು ಬೈಲಕುಪ್ಪೆಗೆ ಹೋದಾಗಲೆಲ್ಲ ಕಾಣುತ್ತೇನೆ: ಮನೆಯ ಹೊಸ್ತಿಲ ಮೇಲೆ ಟಿಬೆಟಿನ ಲಿಪಿಯಲ್ಲಿ ಮಂತ್ರವನ್ನು ಬರೆಯುವವನು ಅವನೇ. ಹಿಮವಂತಕ್ಕೆ ಒಬ್ಬ, ಮಹಿಷಮಂಡಲಕ್ಕೆ ಒಬ್ಬ ಎಂದು ಅಂದು ಬೇರೆಬೇರೆ ದಾರಿ ಹಿಡಿದ ಎರಡು ಪಯಣಗಳು ಎರಡು ಸಾವಿರದ ಇನ್ನೂರು ವರ್ಷಗಳ ಅನಂತರ ಕಾವೇರಿಯ ದಡದಲ್ಲಿ ಸಂಧಿಸಿದಂತೆ ತೋರುತ್ತದೆ.

ನಮ್ಮಲ್ಲಿ ಬೌದ್ಧಧರ್ಮವು ಒಮ್ಮೆಗೇ ಅಳಿಯಲಿಲ್ಲ. 968ರಲ್ಲಿ ಆಳುಪ ಕುಂದವರ್ಮನು ಕದ್ರಿಯ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠಿಸಿದನು. 1065ರಲ್ಲಿ ಬಳ್ಳಿಗಾವಿಯಲ್ಲಿ ರೂಪಭಟ್ಟಯ್ಯನು ಬೌದ್ಧ ವಿಹಾರವನ್ನು ಕಟ್ಟಿಸಿದನು. 1095ರಲ್ಲಿ ಡಂಬಳದ ವರ್ತಕರು ಆರ್ಯತಾರೆಗೆ ದತ್ತಿಯನ್ನು ಬಿಟ್ಟರು. ಅಲ್ಲಿಂದೀಚೆಗೆ ದೀಪಗಳು ಒಂದೊಂದಾಗಿ ನಂದಿದವು, ಇಟ್ಟಿಗೆಗಳ ಮೇಲೆ ಮಣ್ಣು ಬಿದ್ದಿತು. ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಪುರಾತತ್ತ್ವ ವಿಭಾಗವು 2001ರಲ್ಲಿ ಅಂತಹ ಮಣ್ಣನ್ನು ಸರಿಸಿದಾಗ ಒಂದು ಚೈತ್ಯವೂ ವಿಹಾರವೂ, ಅವುಗಳೊಡನೆ ಅಂಗೈಯಲ್ಲಿ ಅಡಗುವಷ್ಟು ಸಣ್ಣ ಮಣ್ಣಿನ ಹರಕೆಯ ಸ್ತೂಪಗಳ ರಾಶಿಯೂ ಹೊರಬಂದವು. ಅವುಗಳ ಗರ್ಭದಲ್ಲಿ ಪ್ರತೀತ್ಯಸಮುತ್ಪಾದದ ಗಾಥೆಯನ್ನು ಮುದ್ರಿಸಿದ ಮಣ್ಣಿನ ಬಿಲ್ಲೆಗಳಿದ್ದವು. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಅಂತಹ ಬಿಲ್ಲೆಯೊಂದನ್ನಿರಿಸಿ ಕೆಳಗೆ ಶತಮಾನವನ್ನು ಬರೆದರೆ, ನೋಡುವವನಿಗೆ ಅದು ಮೃತವಾದ ಕಾಲದ ಒಂದು ಚೂರು. ಆದರೆ ಬೈಲಕುಪ್ಪೆಯ ಯಾವುದಾದರೊಂದು ವಿಹಾರದ ಹಿತ್ತಿಲಿಗೆ ಹೋಗಿ ನೋಡಿ: ಮಣ್ಣನ್ನು ನಾದಿ, ಹಿತ್ತಾಳೆಯ ಅಚ್ಚಿನಲ್ಲಿ ಒತ್ತಿ, ಪುಟ್ಟ ಸ್ತೂಪಗಳನ್ನು ತೆಗೆದು ಸಾಲಾಗಿ ಒಣಗಲಿಡುವ ಕೈಗಳು ಇಂದಿಗೂ ಇವೆ. ಅವರು ಅದನ್ನು ತ್ಸಾತ್ಸಾ ಎನ್ನುತ್ತಾರೆ. ಗತಿಸಿದವರ ಬೂದಿಯನ್ನು ಆ ಮಣ್ಣಿನಲ್ಲಿ ಬೆರೆಸುವುದೂ ಉಂಟು. ಭಾರತದಿಂದ ಹೋದ ಆಚಾರವೇ ಅದು. ರಾಜಘಟ್ಟದಲ್ಲಿ ಅಚ್ಚನ್ನು ಕೆಳಗಿಟ್ಟ ಕೈಗೂ ಇಲ್ಲಿ ಅಚ್ಚನ್ನು ಎತ್ತಿಕೊಂಡ ಕೈಗೂ ನಡುವೆ ಇರುವುದು ಹಿಮಾಲಯದಾಚೆಯ ಒಂದು ಸುದೀರ್ಘ ಸುತ್ತುದಾರಿ ಮಾತ್ರ.

ಭೀಮಾತೀರದ ಸನ್ನತಿಯ ವಿಷಯವೂ ಇಂತಹುದೇ. 1986ರಲ್ಲಿ ಚಂದ್ರಲಾಂಬಾ ದೇಗುಲದ ಆವರಣದ ಕಾಳಿಯ ಗುಡಿಯ ಛಾವಣಿಯು ಕುಸಿದಾಗ, ದೇವಿಯ ಪೀಠವಾಗಿದ್ದ ಶಿಲೆಯೇ ಅಶೋಕನ ಶಾಸನವೆಂಬುದು ಬೆಳಕಿಗೆ ಬಂದಿತು. ಸಮೀಪದ ಕನಗನಹಳ್ಳಿಯಲ್ಲಿ ಅಗೆದು ತೆಗೆದ ಅಧೋಲೋಕ ಮಹಾಚೈತ್ಯದ ಫಲಕಗಳಲ್ಲಿ ರಾಜನೊಬ್ಬನ ಪ್ರತಿಮೆಯೂ, ಅದರೊಡನೆ ಬ್ರಾಹ್ಮಿಯಲ್ಲಿ ಅಶೋಕನೆಂಬ ಹೆಸರೂ ದೊರೆತವು. ಆ ಸ್ತೂಪದ ಸುತ್ತ ಪ್ರದಕ್ಷಿಣಪಥವಿದೆ, ಹಾಸುಗಲ್ಲಿದೆ, ನಡೆಯುವ ಪಾದಗಳಿಲ್ಲ. ಬೈಲಕುಪ್ಪೆಯಲ್ಲಿ ಬೆಳಗಿನ ಐದಕ್ಕೇ ಮುದುಕಿಯರು ಜಪಮಣಿಯನ್ನೆಣಿಸುತ್ತ ವಿಹಾರವನ್ನು ಸುತ್ತತೊಡಗುತ್ತಾರೆ. ಅವರ ಪಾದಗಳ ಕೆಳಗೆ ಸಿಮೆಂಟಿನ ನೆಲವಿದೆ. ಅಲ್ಲಿ ಶಿಲೆಯಿದೆ, ಇಲ್ಲಿ ಶ್ವಾಸವಿದೆ. ಒಂದನ್ನು ನೋಡಿದವನು ಇನ್ನೊಂದನ್ನು ನೋಡದಿದ್ದರೆ ಎರಡೂ ಅರ್ಧವೇ.

ಈ ಋಣದ ಅತ್ಯಂತ ಸೂಕ್ಷ್ಮವಾದ ಎಳೆಯು ಮೈಸೂರಿನ ವಿದ್ವತ್ತಿನಲ್ಲಿಯೇ ಇದೆ. ಅದನ್ನು ಹೇಳದೆ ಮುಂದುವರಿಯಲಾರೆ. ಬೌದ್ಧ ನ್ಯಾಯಶಾಸ್ತ್ರದ ಮೂಲಪುರುಷನಾದ ದಿಙ್ನಾಗನ ಪ್ರಮಾಣಸಮುಚ್ಚಯವು ಸಂಸ್ಕೃತದಲ್ಲಿ ನಷ್ಟವಾಗಿ, ಟಿಬೆಟಿನ ಭಾಷಾಂತರದಲ್ಲಿ ಮಾತ್ರ ಸಮಗ್ರವಾಗಿ ಉಳಿದಿತ್ತು. ಎಚ್.ಆರ್. ರಂಗಸ್ವಾಮಿ ಅಯ್ಯಂಗಾರರು ಆ ಟಿಬೆಟಿನ ಪಾಠವನ್ನು ಆಧರಿಸಿ ಅದರ ಪ್ರತ್ಯಕ್ಷ ಪರಿಚ್ಛೇದವನ್ನು ಮರಳಿ ಸಂಸ್ಕೃತಕ್ಕೆ ತಂದರು. ಮೈಸೂರು ವಿಶ್ವವಿದ್ಯಾನಿಲಯವು ಅದನ್ನು 1930ರಲ್ಲಿ ಪ್ರಕಟಿಸಿತು. ಆಗ ಬೈಲಕುಪ್ಪೆ ಬಿದಿರಿನ ಕಾಡು. ಇನ್ನು ಮೂವತ್ತು ವರ್ಷಗಳಲ್ಲಿ ಆ ಭಾಷೆಯೇ, ಆ ಶಾಸ್ತ್ರವನ್ನು ಕಂಠಸ್ಥಮಾಡಿಕೊಂಡ ಪಂಡಿತರೇ, ಕಾಲ್ನಡಿಗೆಯಿಂದ ಹಿಮವನ್ನು ದಾಟಿ ತಮ್ಮ ಜಿಲ್ಲೆಗೇ ಬರುವರೆಂದು ಆ ವಿದ್ವಾಂಸರು ಊಹಿಸಿರಲಾರರು. ಇಂದು ಸೇರಾದ ಅಂಗಳದಲ್ಲಿ ಸಂಜೆಯ ವೇಳೆ ನಡೆಯುವ ವಾದವನ್ನು ನೋಡಿದವರಿಗೆ ಮೊದಲು ಅದೊಂದು ಜಗಳವೆಂದೇ ತೋರೀತು: ಉತ್ತರಿಸುವವನು ನೆಲದ ಮೇಲೆ ಕುಳಿತಿರುತ್ತಾನೆ; ಪ್ರಶ್ನಿಸುವವನು ನಿಂತು, ಪ್ರಶ್ನೆ ಮುಗಿಯುವ ಕ್ಷಣಕ್ಕೆ ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ ಬಲಗೈಯಿಂದ ಎಡ ಅಂಗೈಯನ್ನು ಹೊಡೆಯುತ್ತಾನೆ. ಅವರು ವಾದಿಸುತ್ತಿರುವುದು ಧರ್ಮಕೀರ್ತಿಯ ಪ್ರಮಾಣವಾರ್ತಿಕವನ್ನು, ಅರ್ಥಾತ್ ಹೇತು, ವ್ಯಾಪ್ತಿ, ಅನುಮಾನಗಳನ್ನು. ನಮ್ಮ ಪಾಠಶಾಲೆಗಳಲ್ಲಿ ನೈಯಾಯಿಕರು ಯಾವ ಪೂರ್ವಪಕ್ಷವನ್ನು ಗ್ರಂಥದಲ್ಲಿ ಮಾತ್ರ ಓದಿ ಖಂಡಿಸುತ್ತ ಬಂದರೋ ಆ ಪೂರ್ವಪಕ್ಷವೇ ಇಲ್ಲಿ ಮೈತಳೆದು ಚಪ್ಪಾಳೆ ತಟ್ಟಿ ಪ್ರಶ್ನೆ ಕೇಳುತ್ತಿದೆ. ಮೈಸೂರಿನಿಂದ ಎರಡು ಗಂಟೆಯ ದಾರಿ. ನಮ್ಮ ಸಂಸ್ಕೃತ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಒಂದು ಸಂಜೆ ಆ ಅಂಗಳದಲ್ಲಿ ನಿಂತಿದ್ದಾರೆ?

ಪ್ರವಾಸವನ್ನು ಬೆಳೆಸಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತದೆ. ಬೆಳೆಯಲಿ, ಅದರಿಂದ ಕುಶಾಲನಗರದ ಆಟೋ ಚಾಲಕನಿಗೂ ಕ್ಯಾಂಪಿನ ಅಂಗಡಿಯಾಕೆಗೂ ಅನ್ನ ಹುಟ್ಟುತ್ತದೆ. ಆದರೆ ವಾಹನಗಳ ತಂಗುದಾಣವನ್ನು ಹಿಗ್ಗಿಸಿದ ಮಾತ್ರಕ್ಕೆ ಯಾತ್ರೆಯು ಹಿಗ್ಗುವುದಿಲ್ಲ. ವಿಹಾರದ ದ್ವಾರದಲ್ಲಿ, ಸ್ಪಷ್ಟವಾದ ಕನ್ನಡದಲ್ಲಿ, ಪದ್ಮಸಂಭವನೂ ಶಾಂತರಕ್ಷಿತನೂ ಎಂಟನೆಯ ಶತಮಾನದಲ್ಲಿ ಭಾರತದಿಂದ ಟಿಬೆಟಿಗೆ ಏಕೆ ಹೋದರು, ವಿಕ್ರಮಶೀಲದ ಅತೀಶನು 1042ರಲ್ಲಿ ಅಲ್ಲಿಗೆ ಏನನ್ನು ಕೊಂಡೊಯ್ದನು, ನಾಲಂದೆಯಲ್ಲಿ ಸುಟ್ಟುಹೋದುದು ಎಲ್ಲಿ ಉಳಿಯಿತು ಎಂಬುದನ್ನು ಹೇಳುವ ಒಂದು ಫಲಕವಿರಬೇಕು. ಅದರ ಪಕ್ಕದಲ್ಲಿ ಕರ್ನಾಟಕದ ಒಂದು ನಕ್ಷೆ, ಅದರಲ್ಲಿ ಬ್ರಹ್ಮಗಿರಿ, ಮಸ್ಕಿ, ಸನ್ನತಿ, ಬನವಾಸಿ, ರಾಜಘಟ್ಟ, ಕದ್ರಿ, ಬಳ್ಳಿಗಾವಿ, ಡಂಬಳಗಳ ಚುಕ್ಕೆಗಳು. ಅಂತೆಯೇ ಸನ್ನತಿಯ ಸ್ತೂಪದ ಬಳಿ, ಇಂತಹ ಸ್ತೂಪವನ್ನು ಇಂದಿಗೂ ಸುತ್ತುವ ಜನರು ಇದೇ ನಾಡಿನ ದಕ್ಷಿಣದಂಚಿನಲ್ಲಿದ್ದಾರೆಂಬ ಸೂಚನೆ. ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳ ಶಾಲೆಯ ಮಕ್ಕಳು ತಮ್ಮ ನೆರೆಯವರಾದ ಟಿಬೆಟಿನ ಮಕ್ಕಳೊಡನೆ ಕೂಡಿ ಒಂದು ಬಾರಿ ಬ್ರಹ್ಮಗಿರಿಯ ಬಂಡೆಯ ಮುಂದೆ ನಿಂತು ಚಪಡನ ಅಕ್ಷರಗಳನ್ನು ಬೆರಳಿನಿಂದ ತೋರಿಸಿಕೊಳ್ಳುವಂತಾದರೆ, ಯಾವ ಪ್ರಚಾರಪತ್ರಿಕೆಯೂ ಮಾಡಲಾರದ ಕಾರ್ಯವಾದೀತು. ಅವಸರವೊಂದನ್ನು ಬಿಟ್ಟರೆ ಈ ಕೆಲಸಕ್ಕೆ ನಾವು ಕಳೆದುಕೊಳ್ಳಬೇಕಾದುದು ಹೆಚ್ಚೇನೂ ಇಲ್ಲ.

ಮತ್ತೊಂದು ಮಾತನ್ನು ಭಾರವಾದ ಮನಸ್ಸಿನಿಂದಲೇ ಹೇಳಬೇಕಾಗಿದೆ. ವಸತಿಗಳ ತರುಣರು ಓದಿ ಬೆಂಗಳೂರಿಗೆ, ಅಲ್ಲಿಂದ ಅಮೆರಿಕ, ಕೆನಡಾಗಳಿಗೆ ಹೋಗುತ್ತಿದ್ದಾರೆ. ಹೊಲದ ಮುಸುಕಿನ ಜೋಳವನ್ನು ಮುರಿಯುವ ಕೈಗಳು ಈಗ ಬಹುಮಟ್ಟಿಗೆ ಸುತ್ತಣ ಹಳ್ಳಿಗಳವರದು. ಬಿಡಾರವಾಗಿ ಬಂದುದು ಊರಾಯಿತು; ಊರಾದುದು ಮತ್ತೆ ಬಿಡಾರದ ಹಾದಿಯನ್ನು ಹಿಡಿಯುತ್ತಿರುವಂತಿದೆ. ಪುನ್ನಾಟ ಸಂಘವು ಹೊರಟುಹೋದಾಗ ಕಪಿಲೆಯ ದಡದವರು ಅದನ್ನು ಗಮನಿಸಿದ್ದರೋ ಇಲ್ಲವೋ, ನಮಗೆ ಉಳಿದುದು ಅನ್ಯದೇಶದ ಗ್ರಂಥದಲ್ಲಿನ ಒಂದು ಹೆಸರು. ಮುಂದೊಂದು ದಿನ ಯಾವುದೋ ಶೀತದೇಶದ ವಿಹಾರವೊಂದು ತನ್ನನ್ನು ಬೈಲಕುಪ್ಪೆಯ ಸಂಘವೆಂದು ಕರೆದುಕೊಳ್ಳಬಹುದು. ಅದಕ್ಕೆ ಮೊದಲೇ, ಅವರು ಇಲ್ಲಿರುವಾಗಲೇ, ನಾವು ಅವರನ್ನು ಅರಿಯಬಾರದೇ ಎಂಬುದು ನನ್ನ ಹಂಬಲ.

ಹಿಂದಿರುಗುವಾಗ ಹೆದ್ದಾರಿಯನ್ನು ಬಿಟ್ಟು ಹುಣಸೂರಿನ ಬಳಿ ಗುರುಪುರದ ಕಡೆಗೆ ತಿರುಗಿದೆವು. ಅಲ್ಲಿಗೆ ಪ್ರವಾಸಿಗಳ ಬಸ್ಸುಗಳು ಬರುವುದಿಲ್ಲ. ಚಿನ್ನದ ಮೂರ್ತಿಗಳ ಖ್ಯಾತಿಯೂ ಅದಕ್ಕಿಲ್ಲ. ಗ್ಯೂಮೆಯ ಭಿಕ್ಷುಗಳು ತಮ್ಮ ಪರಂಪರೆಯ ಆ ವಿಲಕ್ಷಣವಾದ ಪಠಣವನ್ನು ಆರಂಭಿಸಿದ್ದರು: ಒಂದೇ ಕಂಠದಿಂದ ಭೂಗರ್ಭದ್ದೆಂಬಂತಹ ಮಂದ್ರವೂ, ಅದರ ಮೇಲೆ ತೇಲುವ ಮತ್ತೊಂದು ಸ್ವರವೂ ಏಕಕಾಲದಲ್ಲಿ ಹೊರಡುತ್ತವೆ, ನೂರು ಕಂಠಗಳು ಸೇರಿದಾಗ ಗೋಡೆಗಳೇ ಉಸಿರಾಡುತ್ತಿರುವಂತೆ ಭಾಸವಾಗುತ್ತದೆ. ನಾವು ಬೇಲಿಯ ಬಳಿ ನಿಂತು ಕೇಳುತ್ತಿದ್ದೆವು. ಬೇಲಿಯಾಚೆ, ಬ್ಯಾರನ್ನಿನ ನೆರಳಿನಲ್ಲಿ, ಹಸಿಯ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತ ನಾಲ್ಕೈದು ಹೆಂಗಸರು ಕುಳಿತಿದ್ದರು. ಅವರಲ್ಲಿ ಯಾರೂ ಆ ಧ್ವನಿಯ ಕಡೆಗೆ ತಲೆಯೆತ್ತಿ ನೋಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿರಿಯಳೊಬ್ಬಳು ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟು, ಸೆರಗನ್ನು ಕೊಡವಿ ಎದ್ದಳು. "ಲಾಮಾಗೋಳ ಪೂಜೆ ಸುರುವಾಯ್ತು ಕಣ್ರವ್ವ, ಹೊತ್ತಾಯ್ತು. ಏಳಿ, ಹಸ ಕರೆಯೋದೈತೆ."